ಆಂಡೀಸ್ ಪರ್ವತದ ದನಿ

ಕೇಳುಗರಿಗೆ ನಮಸ್ಕಾರ.

ದೂರದೇಶಗಳ ಬಾನುಲಿ ಕೇಳಿಸುವ ಶಾರ್ಟ್‌ವೇವ್ ರೇಡಿಯೊದ ಗೀಳು ಹತ್ತಿದ್ದವರಿಗೆ ಎಚ್‌ಸಿಜೆಬಿ ಎಂಬ ನಾಲ್ಕಕ್ಷರ ಹೊಸದಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ರಾಜಧಾನಿ ಕೀಟೋದ ಕ್ರೈಸ್ತ ಬಾನುಲಿ ಕೇಂದ್ರ ಅದು. 'ಆಂಡೀಸ್‌ನ ದನಿ' ಎಂದೇ ತನ್ನನ್ನು ಕರೆದುಕೊಳ್ಳುತ್ತದೆ. ಹುಟ್ಟಿದ್ದೇ ಧರ್ಮಪ್ರಚಾರಕ್ಕೆ, ಆ ಮಾತನ್ನು ಅದು ಎಂದೂ ಮುಚ್ಚಿಟ್ಟಿಲ್ಲ. ಆದರೆ ಅದರ ಕಥೆಯಲ್ಲಿ ನನಗೆ ಹಿಡಿಸುವವರು ಪ್ರವಚನ ಹೇಳಿದವರಿಗಿಂತ ಹೆಚ್ಚಾಗಿ ಕೈಯಲ್ಲಿ ಸ್ಪ್ಯಾನರ್ ಹಿಡಿದು ಕಂಬ ಹತ್ತಿದವರು. ಇವತ್ತಿನ ಮಾತು ಅವರ ಕಡೆಗೇ ಸ್ವಲ್ಪ ವಾಲೀತು.

ಕ್ಲಾರೆನ್ಸ್ ಜೋನ್ಸ್ ಎಂಬಾತ ಶಿಕಾಗೋದ ಪಾಲ್ ರೇಡರ್ ಎಂಬ ಬೋಧಕರ ಬಳಗದಲ್ಲಿ ಟ್ರೊಂಬೋನ್ ನುಡಿಸುತ್ತಿದ್ದವರು. ರೇಡಿಯೊ ಆಗಿನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಲ್ಯಾಟಿನ್ ಅಮೆರಿಕದಲ್ಲಿ ಒಂದು ಕೇಂದ್ರ ತೆರೆಯಬೇಕೆಂದು 1928ರಲ್ಲಿ ಹೊರಟು ವೆನೆಜುವೆಲಾ, ಕೊಲಂಬಿಯಾ, ಪನಾಮಾ, ಕ್ಯೂಬಾ ಸುತ್ತಿದರು. ಎಲ್ಲೂ ಅನುಮತಿ ಸಿಗಲಿಲ್ಲ. ಕಡೆಗೆ ಕೈಹಿಡಿದದ್ದು ಈಕ್ವೆಡಾರ್. ಅಲ್ಲಿ ಮೊದಲೇ ನೆಲೆಸಿದ್ದ ಮಿಷನರಿ ರೂಬೆನ್ ಲಾರ್ಸನ್ ಮುಂತಾದವರು ಓಡಾಡಿ, 1930ರಲ್ಲಿ ಸರ್ಕಾರದಿಂದ 25 ವರ್ಷಗಳ ಪರವಾನಗಿ ಪಡೆದರು. ತಿಳಿದವರು ಬೇಡವೆಂದರು: ಸುತ್ತ ಬೆಟ್ಟ, ಪಕ್ಕದಲ್ಲೇ ಭೂಮಧ್ಯರೇಖೆ, ರೇಡಿಯೊಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ ಎಂದು. ಜೋನ್ಸ್ ಕೇಳಲಿಲ್ಲ. ಮುಂದೆ ಆ ಜಾಗವೇ ಅನುಕೂಲವಾಯಿತು. ಧ್ರುವಗಳ ಕಡೆ ಅಲೆಗಳನ್ನು ಕೆಡಿಸುವ ಗದ್ದಲದಿಂದ ಕೀಟೋ ದೂರ. ಉತ್ತರಕ್ಕೂ ದಕ್ಷಿಣಕ್ಕೂ ದನಿ ಸಲೀಸಾಗಿ ಹೋಗುತ್ತಿತ್ತು.

1931ರ ಕ್ರಿಸ್‌ಮಸ್ ದಿನ ಮೊದಲ ಪ್ರಸಾರ. ಜೋನ್ಸ್ ಮನೆಯ ನಡುಮನೆಯೇ ಸ್ಟುಡಿಯೊ. ಕುರಿಕೊಟ್ಟಿಗೆಯಲ್ಲಿ ಒಂದು ಪುಟ್ಟ ಪ್ರೇಷಕ, ಅಂದರೆ ಟ್ರಾನ್ಸ್‌ಮಿಟರ್. ಊರಿನಲ್ಲಿದ್ದ ರೇಡಿಯೊ ಸೆಟ್ಟುಗಳೋ ಬೆರಳೆಣಿಕೆಯಷ್ಟು! ಕೇಳುವವರೇ ಇಲ್ಲದ ಕಡೆ ಬಾನುಲಿ ಕಟ್ಟುವ ಈ ಹುಚ್ಚು ನಮಗೂ ಅಪರಿಚಿತವಲ್ಲ. ನಾಲ್ಕು ವರ್ಷ ತುಂಬುವ ಮೊದಲೇ, 1935ರಲ್ಲಿ, ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟ್‌ನ ಪ್ರೇಷಕದಲ್ಲಿ ಪ್ರಸಾರ ಶುರುಮಾಡಿದರಲ್ಲ. ಉದ್ದೇಶ ಬೇರೆ, ಧೈರ್ಯ ಒಂದೇ ಜಾತಿಯದು.

1940ರಲ್ಲಿ ಕೀಟೋಗೆ 10,000 ವ್ಯಾಟ್‌ನ ಪ್ರೇಷಕ ಬಂತು. ಶಕ್ತಿ ಹೆಚ್ಚಿತು, ತಾಪತ್ರಯವೂ ಹೆಚ್ಚಿತು. ಕೀಟೋ ಇರುವುದು ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ಅಷ್ಟು ಶಕ್ತಿ ತುಂಬಿದಾಗ ಆಂಟೆನಾ ಕಡ್ಡಿಗಳ ತುದಿಯಲ್ಲಿ ವೋಲ್ಟೇಜ್ ಏರಿ, ಗಾಳಿಯೇ ಕಿಡಿಯಾಗಿ ಉರಿಯುತ್ತಿತ್ತು. ರಾತ್ರಿ ನೋಡಿದರೆ ತುದಿಗಳಲ್ಲಿ ಜ್ವಾಲೆ. ಅಲ್ಯುಮಿನಿಯಂ ಕರಗಿ ಕೆಳಗೆ ಉದುರುತ್ತಿತ್ತು. ಇಂಜಿನಿಯರ್ ಕ್ಲಾರೆನ್ಸ್ ಮೂರ್ ಮೊದಲು ಶೌಚಾಲಯದ ನೀರಿನ ಟ್ಯಾಂಕಿನಲ್ಲಿರುವ ತಾಮ್ರದ ತೇಲುಗುಂಡುಗಳನ್ನು ತಂದು ಆ ತುದಿಗಳಿಗೆ ಸಿಕ್ಕಿಸಿ ನೋಡಿದರು. ಸ್ವಲ್ಪ ತಡೆಯಿತು, ಪೂರ್ತಿ ಅಲ್ಲ. ಆಮೇಲೆ ಹೊಳೆದದ್ದು ಸರಳ ವಿಚಾರ: ತುದಿಯಿಂದ ತೊಂದರೆಯಾದರೆ ತುದಿಯೇ ಇಲ್ಲದ ಆಂಟೆನಾ ಮಾಡಿದರಾಯಿತು! ತಂತಿಯನ್ನು ಚೌಕವಾಗಿ ಬಾಗಿಸಿ ಎರಡೂ ಕೊನೆಗಳನ್ನು ಕೂಡಿಸಿದರು. 1942ರ ಈ ಯೋಚನೆಯೇ 'ಕ್ಯೂಬಿಕಲ್ ಕ್ವಾಡ್' ಆಂಟೆನಾ. ಜಗತ್ತಿನ ಹ್ಯಾಮ್ ರೇಡಿಯೊ ಹವ್ಯಾಸಿಗಳು, ಅಂದರೆ ಮನೆಯಿಂದಲೇ ರೇಡಿಯೊದಲ್ಲಿ ಪರಸ್ಪರ ಮಾತಾಡುವವರು, ಇವತ್ತಿಗೂ ಮನೆಯ ಮಾಳಿಗೆ ಮೇಲೆ ಕಟ್ಟಿಕೊಳ್ಳುತ್ತಾರೆ. ಆ ಕೇಂದ್ರದ ಯಾವ ಪ್ರವಚನವೂ ಇಷ್ಟು ಮನೆಗಳ ಸೂರು ಹತ್ತಿರಲಿಕ್ಕಿಲ್ಲ, ಇದು ನನ್ನ ಲೆಕ್ಕ.

ಇನ್ನು ಕಾರ್ಯಕ್ರಮಗಳು. ಸ್ಪ್ಯಾನಿಶ್ ಮತ್ತು ಇಂಗ್ಲಿಷ್‌ನಲ್ಲಿ ಭಕ್ತಿಗೀತೆ, ಬೈಬಲ್ ಪಾಠ ಇದ್ದೇ ಇದ್ದವು. ರೇಡಿಯೊ ಕೇಳಿ ಅಂಚೆಯಲ್ಲಿ ಉತ್ತರ ಕಳಿಸುವ ಬೈಬಲ್ ತರಗತಿಯೂ ಇತ್ತು. ಬೆಟ್ಟದ ಮೂಲನಿವಾಸಿಗಳ ಕಿಚ್ವಾ ಭಾಷೆಗೆ ಸಾರ್ವಜನಿಕವಾಗಿ ಮಾನ ಕಡಿಮೆಯಿದ್ದ ದಿನಗಳಲ್ಲೇ ಆ ಭಾಷೆಯಲ್ಲಿ ಪ್ರಸಾರ ಶುರುವಾಯಿತು. ಹಳ್ಳಿಗಳಿಗೆ ಇವರು ಹಂಚಿದ ಸೆಟ್ಟುಗಳಿಗೆ ತಿರುಗಿಸುವ ಗುಂಡಿ ಇರಲಿಲ್ಲ. ಹಚ್ಚಿದರೆ ಕೇಳುವುದು ಇದೊಂದೇ ಕೇಂದ್ರ. ಉಪಕಾರವೋ ಉಪಾಯವೋ ಎಂದರೆ, ಎರಡೂ ಎನ್ನಬೇಕು. ತಮ್ಮ ಭಾಷೆ ಪೆಟ್ಟಿಗೆಯಿಂದ ಕೇಳಿಬಂದದ್ದು ಆ ಜನಕ್ಕೆ ದಕ್ಕಿದ್ದೂ ನಿಜ, ಅದರ ಬೆನ್ನಿಗೆ ಮತಾಂತರದ ಆಸೆ ಇದ್ದದ್ದೂ ನಿಜ.

ರಷ್ಯನ್ ಪ್ರಸಾರ 1941ರಿಂದ. ಜಪಾನಿ 1964ರಲ್ಲಿ ಬಂತು. ಒಜಾಕಿ ದಂಪತಿ ನಡೆಸುತ್ತಿದ್ದ ಆ ಕಾರ್ಯಕ್ರಮಕ್ಕೆ ಜಪಾನಿನ ಹವ್ಯಾಸಿಗಳಿಂದ ರಾಶಿ ರಾಶಿ ಪತ್ರ ಬರುತ್ತಿತ್ತು. ಈಕ್ವೆಡಾರ್‌ನ ಜನಪದ ಸಂಗೀತವನ್ನು ಹೊರದೇಶದವರಿಗೆ ಕೇಳಿಸುವ ಸಾಪ್ತಾಹಿಕ ಬೇರೆ. ಇವೆಲ್ಲಕ್ಕಿಂತ ನನಗೆ ಮೆಚ್ಚುಗೆ 'ಡಿಎಕ್ಸ್ ಪಾರ್ಟಿ ಲೈನ್'. ಡಿಎಕ್ಸ್ ಎಂದರೆ ದೂರದ ಕೇಂದ್ರಗಳನ್ನು ಹಿಡಿಯುವ ಹವ್ಯಾಸ. 1961ರಿಂದ ಕ್ಲೇಟನ್ ಹೋವರ್ಡ್ ನಡೆಸಿದ ಇದರಲ್ಲಿ ದೂರದೂರದ ಬೇರೆ ಕೇಂದ್ರಗಳನ್ನು ಹೇಗೆ ಹಿಡಿಯುವುದು, ಯಾವ ಮೀಟರ್‌ನಲ್ಲಿ ಯಾವಾಗ ಸಿಗುತ್ತವೆ ಎಂದು ಹೇಳಿಕೊಡುತ್ತಿದ್ದರು. ತನ್ನ ಕೇಳುಗನಿಗೆ ಪಕ್ಕದ ಅಂಗಡಿಯ ದಾರಿ ತೋರಿಸುವ ಕೇಂದ್ರ ಎಲ್ಲುಂಟು? ಪ್ರಸಾರ ಕೇಳಿದ ವಿವರ ಬರೆದು ಕಳಿಸಿದರೆ ಖಾತರಿಯ ಕ್ಯೂಎಸ್‌ಎಲ್ ಕಾರ್ಡು ಬರುತ್ತಿತ್ತು. ಯೇಸುವಿನ ಮೇಲೆ ನಂಬಿಕೆಯಿಲ್ಲದವರೂ ಆ ಕಾರ್ಡಿಗಾಗಿ ಗಂಟೆಗಟ್ಟಲೆ ಪ್ರವಚನ ಕೇಳಿದ್ದುಂಟು.

1950ರ ದಶಕದಲ್ಲಿ ಪ್ರೇಷಕಗಳು ಊರಾಚೆಯ ಪೀಫೋಗೆ ಹೋದವು. ಅವುಗಳ ಹಸಿವಿಗೆ ಪಾಪಯಾಕ್ತಾ ಎಂಬಲ್ಲಿ ಸ್ವಂತ ಜಲವಿದ್ಯುತ್ ಸ್ಥಾವರ ಕಟ್ಟಿದರು. 1955ರಲ್ಲಿ ಕೀಟೋದಲ್ಲಿ ಆಸ್ಪತ್ರೆ ತೆರೆದರು. 1981ರಲ್ಲಿ ಸ್ವಂತ ಇಂಜಿನಿಯರುಗಳೇ ರೂಪಿಸಿದ 500 ಕಿಲೊವ್ಯಾಟ್‌ನ ಪ್ರೇಷಕ ಗಾಳಿಗೇರಿತು. ಕುರಿಕೊಟ್ಟಿಗೆಯದಕ್ಕೆ ಹೋಲಿಸಿದರೆ ಸಾವಿರಾರು ಪಟ್ಟು.

ಇಳಿಗಾಲವೂ ಬಂತು. ಉತ್ತರ ಅಮೆರಿಕಕ್ಕೆ ಇಂಗ್ಲಿಷ್ ಶಾರ್ಟ್‌ವೇವ್ ಪ್ರಸಾರ 2003ರಲ್ಲಿ ನಿಂತಿತು. ಕೀಟೋದ ಹೊಸ ವಿಮಾನ ನಿಲ್ದಾಣಕ್ಕೆ ಗೊತ್ತಾದ ಜಾಗ ಪೀಫೋಗೆ ಹತ್ತಿರ. ವಿಮಾನದ ದಾರಿಯಲ್ಲಿ ಅಷ್ಟೆತ್ತರದ ಗೋಪುರಗಳಿರುವಂತಿಲ್ಲ. 2009ರಲ್ಲಿ ಪೀಫೋ ಪ್ರಸಾರ ಮುಗಿಯಿತು, ಗೋಪುರಗಳು ಇಳಿದವು. ಕೇಳುಗರೂ ಆಗಲೇ ಎಫ್‌ಎಂ ಕಡೆಗೆ, ಇಂಟರ್ನೆಟ್ ಕಡೆಗೆ ಜರುಗಿದ್ದರು. ಹಾಗಾಗಿ ಪೂರ್ತಿ ವಿಮಾನದ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಆ ಸಂಸ್ಥೆಯ ಆಸ್ಟ್ರೇಲಿಯಾ ಶಾಖೆ 2003ರಿಂದ ಕುನುನರಾ ಎಂಬಲ್ಲಿಂದ ಏಷ್ಯಾದತ್ತ ಶಾರ್ಟ್‌ವೇವ್ ಪ್ರಸಾರ ನಡೆಸಿತು. ಕೀಟೋದಲ್ಲಿ ಮುಖ್ಯವಾಗಿ ಉಳಿದದ್ದು ಸ್ಥಳೀಯ ಕೇಂದ್ರ: 89.3 ಎಫ್‌ಎಂ, ಸ್ಪ್ಯಾನಿಶ್ ಭಾಷೆ.

ನಮಸ್ಕಾರ.