ಟಿಕೆಟ್ ಬುಕ್ ಮಾಡಿದ ವಾರವೇ ಹಲ್ಲು ತೋರಿಸಿ

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಪ್ರಯಾಣದ ಬಗ್ಗೆ ಮಾತಾಡಲು ಕೇಳುಗರನ್ನು ಹುಡುಕಬೇಕಾಗಿಲ್ಲ. ಇಲ್ಲಿರುವ ಅನೇಕರ ಮಕ್ಕಳು ದುಬೈ, ಮಸ್ಕತ್ ಅಂತ ಇದ್ದಾರೆ. ಉಳಿದವರದ್ದು ಮುಂಬೈ, ಬೆಂಗಳೂರು. ನಡುವೆ ಕಾಶಿ, ಶಿರಡಿಯೂ ಉಂಟು. ಹೊರಡುವಾಗ ಬಿಪಿ ಮಾತ್ರೆ, ಉಪ್ಪಿನಕಾಯಿ, ಮೊಮ್ಮಕ್ಕಳಿಗೆ ಚಕ್ಕುಲಿ ಎಲ್ಲವೂ ನೆನಪಿರುತ್ತದೆ. ಹಲ್ಲು ನೆನಪಾಗುವುದು ಮಾತ್ರ ಹಿಂದಿನ ದಿನ ಸಂಜೆ.

"ಡಾಕ್ಟ್ರೇ, ನಾಳೆ ಫ್ಲೈಟು. ಏನಾದ್ರೂ ಮಾಡಿ ಮಾರಾಯ್ರೆ" ಅಂತ ಬರುವವರು ನಮ್ಮಲ್ಲಿ ಜಾಸ್ತಿ. ಒಂದೇ ಸಂಜೆಯಲ್ಲಿ ಏನು ಮಾಡುವುದು ಹೇಳಿ? ರೂಟ್ ಕೆನಾಲ್‌ಗೆ ಎಷ್ಟೋ ಸಲ ಎರಡು ಮೂರು ಬಾರಿ ಬರಬೇಕಾಗುತ್ತದೆ. ಕ್ಯಾಪ್ ಲ್ಯಾಬ್‌ನಿಂದ ಬರಲು ಕೆಲವು ದಿನ ಬೇಕು. ಹಲ್ಲು ಕಿತ್ತರೆ ಗಾಯ ಮಾಯಬೇಕು. ಪ್ರಯಾಣದಿಂದಲೇ ಹೊಸದಾಗಿ ಹಲ್ಲುನೋವು ಹುಟ್ಟುವುದು ಕಡಿಮೆ. ಮೊದಲೇ ಇದ್ದ ಹುಳುಕು, ಸಡಿಲವಾದ ಕ್ಯಾಪ್, ನೋವು ನಿಂತಿತೆಂದು ಅರ್ಧಕ್ಕೆ ಬಿಟ್ಟ ಚಿಕಿತ್ಸೆ ದಾರಿಯಲ್ಲಿ ತಲೆ ಎತ್ತುತ್ತವೆ. ಹಾಗಾಗಿ ಟಿಕೆಟ್ ಬುಕ್ ಮಾಡಿದ ವಾರವೇ ತೋರಿಸಿ. ಒಂದು ತಿಂಗಳಾದರೂ ಕೈಯಲ್ಲಿರಲಿ. ಖಾಸಗಿ ಕ್ಲಿನಿಕ್‌ಗೇ ಹೋಗಬೇಕೆಂದಿಲ್ಲ. ಮಣಿಪಾಲದ ದಂತ ವೈದ್ಯಕೀಯ ಕಾಲೇಜು 1965ರಿಂದ ಇದೆ. ಮಂಗಳೂರಿನಲ್ಲೂ ಇಂಥ ಕಾಲೇಜುಗಳಿವೆ. ಸ್ವಲ್ಪ ಕಾಯಬೇಕಾಗಬಹುದು, ಅಷ್ಟೇ.

ವಿಮಾನದಲ್ಲಿ ಹಲ್ಲು ನೋಯುವುದು ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಮೇಲೆ ಹೋದಂತೆ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. 6,000ದಿಂದ 8,000 ಅಡಿ ಎತ್ತರದ ಜಾಗದಲ್ಲಿ ಎಷ್ಟಿರುತ್ತದೋ ಅಷ್ಟಕ್ಕೆ ಬಂದು ನಿಲ್ಲುತ್ತದೆ. ಅಂದರೆ ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಹತ್ತಿದವರು ಸ್ವಲ್ಪ ಹೊತ್ತಿನಲ್ಲೇ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತ ಹಾಗೆ. ಒಳ್ಳೆಯ ಹಲ್ಲಿಗೆ ಇದು ಗೊತ್ತೇ ಆಗುವುದಿಲ್ಲ. ಫಿಲ್ಲಿಂಗ್ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ, ಒಳಗಿನ ನರ ಊದಿದ್ದರೆ, ಬೇರಿನ ತುದಿಯಲ್ಲಿ ಕೀವಿದ್ದರೆ ಜೀವ ಹೋಗುವಷ್ಟು ನೋಯಬಹುದು. ಶೀತ ಆಗಿದ್ದು, ವಿಮಾನ ಇಳಿಯುವಾಗ ಮೇಲಿನ ದವಡೆ ಹಲ್ಲುಗಳೆಲ್ಲ ಒಟ್ಟಿಗೆ ನೋಯುತ್ತವೆಯೇ? ಅದು ಹೆಚ್ಚಾಗಿ ಸೈನಸ್‌ನ, ಅಂದರೆ ಮೂಗಿನ ಪಕ್ಕದ ಎಲುಬಿನೊಳಗಿನ ಗಾಳಿಗೂಡಿನ ಕೆಲಸ. ಪಾಪ, ಹಲ್ಲಿನ ತಪ್ಪಲ್ಲ.

ಗಲ್ಫಿಗೆ ಹೋಗುವವರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ನಮ್ಮಲ್ಲಿ ಜೋರು ನೋವಿಗೆ ಕೊಡುವ ಕೆಲವು ಮಾತ್ರೆಗಳಲ್ಲಿ ಟ್ರಮಡಾಲ್ ಇರುತ್ತದೆ, ಕೆಲವು ಕೆಮ್ಮಿನ ಸಿರಪ್‌ನಲ್ಲಿ ಕೋಡೀನ್. ಯುಎಇಯಲ್ಲಿ ಇವು ನಿಯಂತ್ರಿತ ಔಷಧಗಳು. ಅನುಮತಿ ಇಲ್ಲದೆ ತೆಗೆದುಕೊಂಡು ಹೋದರೆ ಏರ್‌ಪೋರ್ಟಿನಲ್ಲೇ ಕಷ್ಟ. ಮನೆಯ ಡಬ್ಬದಲ್ಲಿ ಉಳಿದ ಮಾತ್ರೆ ಅಂತ ಸುಮ್ನೆ ಚೀಲಕ್ಕೆ ಹಾಕಬೇಡಿ. ಸಾದಾ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೇನ್ ಪರಿಣಾಮಕಾರಿ ನಿಜ. ಆದರೆ ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ನಿಮ್ಮ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಹಳೆಯ ಆ್ಯಂಟಿಬಯಾಟಿಕ್ ಎರಡು ಉಳಿದಿದೆ ಎಂದು ನುಂಗುವುದೂ ಬೇಡ.

ಲವಂಗದ ಎಣ್ಣೆ ಒಳ್ಳೆಯದೇ. ಅಜ್ಜಿ ಹೇಳಿದ್ದರಲ್ಲಿ ತಪ್ಪಿಲ್ಲ. ಅದರಲ್ಲಿರುವ ಯುಜಿನಾಲ್ ನೋವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಹತ್ತಿಯಲ್ಲಿ ಒಂದು ಹನಿ ಅದ್ದಿ ತೂತಿಗೆ ಮಾತ್ರ ಇಡಿ. ವಸಡಿಗೆ ಸುರಿದರೆ ಸುಡುತ್ತದೆ. ಆ್ಯಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಒತ್ತಿಡುವುದೂ ಅಷ್ಟೇ, ಬಿಳಿಯಾಗಿ ಸುಟ್ಟ ಗಾಯ ಮಾಡಿಕೊಂಡು ಬರುತ್ತಾರೆ. ಬ್ರಾಂದಿ ಬಗ್ಗೆ ನಾನು ಹೇಳುವುದಿಲ್ಲ, ಕೇಳುವವರು ಹೇಗೂ ಕೇಳುತ್ತಾರೆ. ಬಿಸಿ ನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ, ಅದು ಯಾವಾಗಲೂ ಒಳ್ಳೆಯದು.

ಇನ್ನು ಮತ್ಸ್ಯಗಂಧದಲ್ಲಿ ಮುಂಬೈಗೆ ಹೋಗುವವರು. ರೈಲಿನಲ್ಲಿ ಬಾಯಿ ಸುಮ್ಮನಿರುವುದಿಲ್ಲ, ಅಲ್ವಾ? ಒಂದು ಸಲ ಸಿಹಿ ತಿಂದರೆ ಬಾಯಿಯ ಬ್ಯಾಕ್ಟೀರಿಯಾ ಸುಮಾರು ಅರ್ಧ ಗಂಟೆ ಆಮ್ಲ ಮಾಡುತ್ತಲೇ ಇರುತ್ತದೆ. ರಾತ್ರಿಯಿಡೀ ಸ್ವಲ್ಪ ಸ್ವಲ್ಪ ತಿಂದರೆ ಹಲ್ಲಿಗೆ ಬಿಡುವೇ ಇಲ್ಲ. ತಿನ್ನುವುದಾದರೆ ಒಟ್ಟಿಗೆ ತಿಂದು ನೀರು ಕುಡಿಯಿರಿ. ಕ್ಯಾಪ್ ಇರುವವರು ಚಿಕ್ಕಿಯಿಂದ ದೂರ ಇರಿ, ಅಂಟಿಕೊಂಡು ಕ್ಯಾಪನ್ನೇ ಎಳೆದುಕೊಂಡು ಬರುತ್ತದೆ. ಕೋರಿ ರೊಟ್ಟಿ ಬೇಕಾದರೆ ಆ ಗರಿಗರಿ ರೊಟ್ಟಿಯನ್ನು ಕೋಳಿ ಗಸಿಯಲ್ಲಿ ಚೆನ್ನಾಗಿ ನೆನೆಸಿ ತಿನ್ನಿ. ರುಚಿಯೂ ಅದರಲ್ಲೇ ಇರುವುದು.

ಕ್ಯಾಪ್ ಬಿದ್ದರೆ ತೊಳೆದು ಡಬ್ಬಿಯಲ್ಲಿಟ್ಟುಕೊಳ್ಳಿ. ಫೆವಿಕ್ವಿಕ್ ಹಾಕಿ ಅಂಟಿಸಬೇಡಿ, ಹೀಗೂ ಮಾಡಿದವರಿದ್ದಾರೆ. ಸೆಟ್ಟು ಹಲ್ಲನ್ನು ರಾತ್ರಿ ಪೇಪರಿನಲ್ಲಿ ಸುತ್ತಿ ಬರ್ತ್ ಮೇಲಿಟ್ಟರೆ ಬೆಳಿಗ್ಗೆ ಕಸದ ಜೊತೆ ಹೋಗುತ್ತದೆ. ಮುಚ್ಚಳವಿರುವ ಡಬ್ಬಿ, ಅದರಲ್ಲಿ ತಣ್ಣೀರು.

ಮೊಮ್ಮಕ್ಕಳು ಎಲ್ಲಾದರೂ ಬಿದ್ದು ಮುಂದಿನ ಹಲ್ಲು ಪೂರ್ತಿ ಕಳಚಿ ಬಂದರೆ ಒಂದೊಂದು ನಿಮಿಷವೂ ಮುಖ್ಯ. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು. ಶಾಶ್ವತ ಹಲ್ಲಾದರೆ ಬಿಳಿಯ ಭಾಗವನ್ನು ಹಿಡಿಯಿರಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ ತೆಗೆದು, ಧೈರ್ಯವಿದ್ದರೆ ಅದರ ಜಾಗದಲ್ಲೇ ಕೂರಿಸಿ. ಆಗಲಿಲ್ಲವೇ, ತಣ್ಣಗಿನ ಹಾಲಿನಲ್ಲಿ ಹಾಕಿಕೊಂಡು ಹತ್ತಿರದ ದಂತವೈದ್ಯರ ಬಳಿ ಓಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಹಲ್ಲು ಉಳಿಯುವ ಆಸೆ ಜಾಸ್ತಿ. ಟೀ ಅಂಗಡಿಯಲ್ಲಿ ಹಾಲು ಸಿಗುತ್ತದೆ, ಕಾಯಿಸಿದ್ದಾದರೆ ಆರಿರಬೇಕು.

ಕೊನೆಗೆ, ಬಾವು. ಕೆನ್ನೆ ಊದಿ ಕಣ್ಣಿನ ಕಡೆಗೋ ಕುತ್ತಿಗೆಗೋ ಹಬ್ಬಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ "ಊರಿಗೆ ಹೋಗಿ ನೋಡುವ" ಅನ್ನಬೇಡಿ. ಯಾವ ಊರಾದರೂ ಸರಿ, ದೊಡ್ಡ ಆಸ್ಪತ್ರೆಗೆ ಅದೇ ಹೊತ್ತಿಗೆ ಹೋಗಿ. ಬಿಸಿ ಶಾಖ ಕೊಡಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಒಂದು ರಾತ್ರಿ ಕಾಯುವುದೂ ಅಪಾಯ. ಇನ್ಶೂರೆನ್ಸ್ ಇದ್ದರೆ ಹಲ್ಲಿನ ತುರ್ತು ಚಿಕಿತ್ಸೆಗೆ ಎಷ್ಟು ಮಿತಿ ಅಂತ ಹೊರಡುವ ಮೊದಲೇ ಓದಿಕೊಳ್ಳಿ. ಅಲ್ಲಿ ತೆಗೆಸಿದ ಎಕ್ಸ್‌ರೇ, ಚೀಟಿಗಳನ್ನು ಎಸೆಯಬೇಡಿ. ಮುಂದಿನ ಚಿಕಿತ್ಸೆ ಮಾಡುವವರು ನಾವು, ನಮಗೆ ಅವು ಬೇಕು.

ಈಗ ಪ್ರಶ್ನೆಗಳಿದ್ದರೆ ಕೇಳಿ.