ಏರಿನಲ್ಲಿ ಎಳೆಯದ ಹಳೆ ಪಿಕಪ್

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕಕ್ಕೆ ಹೋಗುವ ರಸ್ತೆಯಲ್ಲೂ, ಮುಳ್ಳೇರಿಯ, ಆದೂರು ಕಡೆಯ ಏರುಗಳಲ್ಲೂ ಅಡಿಕೆ ಮೂಟೆಯನ್ನೋ ಕೆಂಪುಕಲ್ಲನ್ನೋ ಹೊತ್ತು ಹೋಗುವ ಹಳೆಯ ಡೀಸೆಲ್ ಪಿಕಪ್‌ಗಳನ್ನು ನೀವು ನೋಡಿಯೇ ಇರುತ್ತೀರಿ. ವರ್ಷಗಟ್ಟಲೆ ದುಡಿದ ಗಾಡಿ ಒಂದು ದಿನ ಅದೇ ಏರಿನಲ್ಲಿ ಉಸಿರು ಕಟ್ಟಿದಂತೆ ನಿಧಾನವಾಗುತ್ತದೆ. ಎಳೆತ ಇಲ್ಲ, ಹೊಗೆ ಜಾಸ್ತಿ. ಕೂಡಲೇ ಬರುವ ಸಲಹೆ, "ಪಂಪ್ ಬಿಚ್ಚಿಸಿ." ದಯವಿಟ್ಟು ಅವಸರ ಮಾಡಬೇಡಿ. ಇಂಜಿನಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಈ ಪಂಪಿಗೆ ಕೈ ಹಾಕುವುದು ಕಟ್ಟಕಡೆಗೆ.

ಡೀಸೆಲ್ ಇಂಜಿನಿಗೆ ಕಿಡಿ ಬೇಡ. ಒತ್ತಿ ಒತ್ತಿ ಬಿಸಿಯಾದ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಹಾಗಾಗಿ ಶುದ್ಧ ಡೀಸೆಲ್, ಸಾಕಷ್ಟು ಗಾಳಿ, ಸರಿಯಾದ ಕಂಪ್ರೆಷನ್ (ಗಾಳಿಯನ್ನು ಒತ್ತುವ ಬಲ), ಈ ಮೂರನ್ನು ಮೊದಲು ವಿಚಾರಿಸಬೇಕು.

ನಮ್ಮ ಊರಿನ ಮಳೆಗಾಲದಲ್ಲಿ ನನಗೆ ಮೊದಲ ಅನುಮಾನ ನೀರಿನ ಮೇಲೆ. ಟ್ಯಾಂಕ್ ಅರ್ಧ ಖಾಲಿಯಿದ್ದರೆ ಒಳಗಿನ ತೇವದ ಗಾಳಿ ರಾತ್ರಿ ತಣಿದು ಹನಿಯಾಗಿ ಡೀಸೆಲಿಗೆ ಸೇರುತ್ತದೆ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಮಳೆ ನೀರೇ ಇಳಿಯುತ್ತದೆ. ಗಾಡಿ ಒಂದು ರಾತ್ರಿ ನಿಂತ ಮೇಲೆ, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು, ಡೀಸೆಲ್ ಫಿಲ್ಟರಿನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಬಾಟಲಿಯನ್ನು ಅಲುಗಾಡಿಸದೆ ಇಟ್ಟರೆ ನೀರು ಅಡಿಯಲ್ಲಿ, ಡೀಸೆಲ್ ಮೇಲೆ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ನೀರು ಬರುವುದು ನಿಲ್ಲುವ ತನಕ ಬಿಡಿ, ಫಿಲ್ಟರ್ ಹಳತಾಗಿದ್ದರೆ ಬದಲಾಯಿಸಿ. ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯ ಅಭ್ಯಾಸ.

ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಲೈನಿನಲ್ಲಿ ಏರ್, ಅಂದರೆ ಗಾಳಿ, ಹಿಡಿಯುತ್ತದೆ. ಹಳೆಯ ಗಾಡಿಗಳಲ್ಲಿ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಬರೀ ಡೀಸೆಲ್ ಬರುವ ತನಕ ಹ್ಯಾಂಡ್ ಪಂಪ್ ಒತ್ತಬೇಕು. ಏರ್ ಮತ್ತೆ ಮತ್ತೆ ಹಿಡಿಯುತ್ತಿದ್ದರೆ ತಪ್ಪು ಬೇರೆ ಕಡೆ ಇದೆ. ಟ್ಯಾಂಕಿನಿಂದ ಡೀಸೆಲ್ ತರುವ ಚಿಕ್ಕ ಪಂಪ್, ಅಂದರೆ ಫೀಡ್ ಪಂಪಿನ ತನಕದ ಪೈಪಿನಲ್ಲಿ ಡೀಸೆಲನ್ನು ಎಳೆದುಕೊಳ್ಳುವುದರಿಂದ, ಅಲ್ಲಿ ಬಿರುಕಿದ್ದರೆ ಹೊರಗೆ ಹನಿ ತೊಟ್ಟಿಕ್ಕದೇ ಇರಬಹುದು. ಗಾಳಿ ಒಳಗೆ ನುಗ್ಗುತ್ತದೆ. ಎಷ್ಟೋ ಜನ ಇಲ್ಲೇ ದಾರಿ ತಪ್ಪುತ್ತಾರೆ. ಫೀಡ್ ಪಂಪಿನ ಮೊದಲು, ಡೀಸೆಲಿಗೆ ತಾಳುವ ಪಾರದರ್ಶಕ ಪೈಪಿನ ತುಂಡು ಸ್ವಲ್ಪ ಹೊತ್ತು ಸೇರಿಸಿ ನೋಡಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಗಾಳಿಯ ಕಡೆ ನೋಡಿದರೆ, ಬೇಸಿಗೆಯ ಕೆಂಪು ಧೂಳು ಏರ್ ಕ್ಲೀನರನ್ನು ಬೇಗ ಮುಚ್ಚಿಬಿಡುತ್ತದೆ. ಇಂಜಿನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇರುವ ಗಾಡಿಯಾದರೆ ಹೋಸುಗಳ ಕ್ಲಾಂಪ್ ಹತ್ತಿರ ಎಣ್ಣೆ ಮಸಿ ಇದೆಯೇ, ಏರು ಹತ್ತುವಾಗ ಬುಸ್ ಎನ್ನುವ ಸದ್ದು ಬರುತ್ತಿದೆಯೇ ಗಮನಿಸಿ. ಹೋಸ್ ಸೀಳಿದರೆ ಕಪ್ಪು ಹೊಗೆ ಬರುತ್ತದೆ, ಎಳೆತ ಬೀಳುತ್ತದೆ. ಅದಕ್ಕೆ ಪಂಪ್ ಬಿಚ್ಚಿಸಿ ಏನು ಪ್ರಯೋಜನ?

ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುವ ಲಕ್ಷಣ. ಬಿಳಿ ಹೊಗೆ ಬೆಳಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ, ಸ್ಟಾರ್ಟ್ ಮಾಡುವಾಗ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್ ಪರೀಕ್ಷಿಸಿ. ಬಿಸಿಯಾದ ಮೇಲೂ ನಿಲ್ಲದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಇಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು, ಗಾಡಿ ಓಡಿಸಬಾರದು.

ಒಂದು ವಿಷಯ ಒತ್ತಿ ಹೇಳುತ್ತೇನೆ. ಎಳೆತ ಹೆಚ್ಚಲಿ ಅಂತ ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸುವವರಿದ್ದಾರೆ. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಅದು ಪೂರ್ತಿ ಉರಿಯುವುದಿಲ್ಲ. ಮಸಿ ಕಟ್ಟುತ್ತದೆ, ಬಿಸಿ ಏರಿ ಪಿಸ್ಟನ್ನಿಗೇ ಕುತ್ತು ಬರುತ್ತದೆ. ಹಾಗೆಯೇ ಇಂಜಿನ್ ಓಡುವಾಗ, ಡೀಸೆಲ್ ಸಿಂಪಡಿಸುವ ನೋಜಲಿಗೆ ಹೋಗುವ ಪೈಪಿನ ಸೋರಿಕೆಯನ್ನು ಬೆರಳಿಟ್ಟು ಹುಡುಕಬೇಡಿ. ಹಳೆಯ ಪಂಪಿನಲ್ಲೂ ಒತ್ತಡ 100 ಬಾರ್ ಮೀರುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಇನ್ನೂ ಹೆಚ್ಚು ಒತ್ತಡದ ಹೊಸ ಬಗೆಯ ಕಾಮನ್ ರೈಲ್ ಗಾಡಿಗಳಲ್ಲಂತೂ ಆ ಪೈಪುಗಳನ್ನು ನೀವಾಗಿ ಬಿಚ್ಚಲೇಬಾರದು.

ಇಷ್ಟೆಲ್ಲ ನೋಡಿದ ಮೇಲೂ ಎಳೆತ ಬರದಿದ್ದರೆ ಕಂಪ್ರೆಷನ್ ಅಳೆಸಿ, ಟ್ಯಾಪೆಟ್ (ವಾಲ್ವಿನ ಸಂದು) ಸರಿಪಡಿಸಿ, ನೋಜಲ್‌ಗಳನ್ನು ಟೆಸ್ಟರಿಗೆ ಹಾಕಿಸಿ. ಆಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಒಳ್ಳೆಯ ನೋಜಲಿನಿಂದ ಡೀಸೆಲ್ ಮಂಜಿನಂತೆ ಬರುತ್ತದೆ, ಹಾಳಾದದ್ದು ಧಾರೆಯಾಗಿ ಚಿಮ್ಮುತ್ತದೆ, ಇಲ್ಲವೇ ತುದಿಯಲ್ಲಿ ಹನಿ ಕಟ್ಟುತ್ತದೆ. ಅದೂ ಸರಿಯಿದ್ದರೆ, ಪಂಪ್ ಬಿಚ್ಚಿಸಿ.

ನಮಸ್ಕಾರ.