ಬೇಸಿಗೆ ಬಂದರೆ ಬ್ರಾಡ್‌ವೇಗೆ ಮಾತೇ ಹೊರಡುವುದಿಲ್ಲ

ನಮಸ್ಕಾರ. ನ್ಯೂಜೆರ್ಸಿಯ ನಮ್ಮ ಮನೆ ಬೇಸ್‌ಮೆಂಟಿನಿಂದ ಮಾತಾಡುತ್ತಿದ್ದೇನೆ. ಹಿಂದೆ ಗುಡುಗುಡು ಅಂತ ಕೇಳಿಸಿದರೆ ಅದು ವಾಷಿಂಗ್ ಮೆಷಿನ್, ಮ್ಯೂಸಿಕ್ ಅಲ್ಲ. ಇವತ್ತು ಮ್ಯೂಸಿಕ್ ಅಂದರೇ ನನಗೆ ಸಿಟ್ಟು.

ಹೋದ ಸಲ ಹೇಳಿದ್ದೆ, ಬೇಸಿಗೆಯಲ್ಲಿ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕಿನ ದೊಡ್ಡ ನಾಟಕ ಥಿಯೇಟರ್‌ಗಳಿಗೆ, ಹೋದರೆ ಹಾಡು ಕುಣಿತದ ಮ್ಯೂಸಿಕಲ್‌ಗಳದ್ದೇ ರಾಜ್ಯ, ಮಾತಿನ ನಾಟಕ ಸಿಗುವುದಿಲ್ಲ ಅಂತ. ಅದಕ್ಕೊಬ್ಬ ಪುಣ್ಯಾತ್ಮರ ಕಾಮೆಂಟು: 'ಬರೀ ಮಾತು ಕೇಳೋಕೆ ಯಾರು ಸಾರ್ ದುಡ್ಡು ಕೊಡ್ತಾರೆ?' ಸ್ವಾಮಿ, ನಾನು ಎರಡು ವರ್ಷದಿಂದ ಬರೀ ಮಾತಾಡಿ ಈ ಚಾನೆಲ್ ನಡೆಸುತ್ತಿದ್ದೇನೆ. ನೀವೂ ದುಡ್ಡು ಕೊಟ್ಟಿಲ್ಲ, ಅದು ಬೇರೆ ವಿಷಯ. ಸಬ್‌ಸ್ಕ್ರೈಬ್ ಆದರೂ ಆಗಿ.

ವಿಷಯಕ್ಕೆ ಬರುತ್ತೇನೆ. 2025ರ ಬೇಸಿಗೆಯಲ್ಲಿ, ಅಂದರೆ ಇಲ್ಲಿನ ಲೆಕ್ಕದಲ್ಲಿ ಜೂನ್ ಆದಮೇಲೆ, ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ನಮ್ಮೆಲ್ಲರ ಅಪ್ಪ ಅಮ್ಮಂದಿರು ಬರುವುದು ಬೇಸಿಗೆಯಲ್ಲೇ ಅಲ್ವಾ? ಚಳಿ ಇರಲ್ಲ, ಮೊಮ್ಮಕ್ಕಳಿಗೆ ರಜ. ಅಪ್ಪನಿಗೆ ನಾಟಕದ ಹುಚ್ಚು. 'ಒಂದು ಒಳ್ಳೇ ನಾಟಕ ತೋರಿಸೋ' ಅಂದರು. ಟೈಮ್ಸ್ ಸ್ಕ್ವೇರಿನ ಕೆಂಪು ಮೆಟ್ಟಿಲಿನ ಕೆಳಗೆ ಟಿಕೆಟಿಎಸ್ ಕೌಂಟರ್ ಇದೆ, ಅವತ್ತಿನ ಆಟದ ಟಿಕೆಟ್ ಕಡಿಮೆ ಬೆಲೆಗೆ ಕೊಡುತ್ತಾರೆ. ಸುಡು ಬಿಸಿಲು, ಹಾವಿನ ಹಾಗೆ ಕ್ಯೂ. ಅಪ್ಪ ಹೋಗಿ ಸುತ್ತಾಡಿಕೊಂಡು ಬಂದು, 'ಏ, ಅಲ್ಲೊಂದು ಕಿಟಕೀಲಿ ಕ್ಯೂನೇ ಇಲ್ಲ ಕಣೋ!' ಅಂದರು. ಅದು ಮಾತಿನ ನಾಟಕಕ್ಕೇ ಇಟ್ಟಿರುವ ಕಿಟಕಿ. ಯಾಕೆ ಕ್ಯೂ ಇಲ್ಲ? ಕೊಳ್ಳೋಕೆ ನಾಟಕವೇ ಇಲ್ಲವಲ್ಲ! ನಡೆಯುತ್ತಿದ್ದ ನಾಲ್ಕಾರರಲ್ಲಿ ಒಂದು ಮಾಂತ್ರಿಕರ ಕಥೆ, ಇನ್ನೊಂದು ರಾಕ್ಷಸರದ್ದು. ಮತ್ತೊಂದು ಅಧ್ಯಕ್ಷ ಲಿಂಕನ್ ಹೆಂಡತಿಯ ಮೇಲಿನ ಪೋಲಿ ಹಾಸ್ಯ, ಅದನ್ನು ಅಪ್ಪನ ಪಕ್ಕ ಕೂತು ನೋಡುವ ಧೈರ್ಯ ನನಗಿಲ್ಲ. 'ಬರೀ ಮನುಷ್ಯರಿರೋ ನಾಟಕ ಇಲ್ವೇನೋ?' ಅಂತ ಕೇಳಿದರು.

ಇರುತ್ತವೆ ಅಪ್ಪ, ಏಪ್ರಿಲ್‌ನಲ್ಲಿ ಬಂದಿದ್ದರೆ! ಬ್ರಾಡ್‌ವೇಯ ದೊಡ್ಡ ಪ್ರಶಸ್ತಿ ಟೋನಿ. ಅದರ ಲೆಕ್ಕಕ್ಕೆ ಬರಬೇಕಾದರೆ ಏಪ್ರಿಲ್ ಕೊನೆಯೊಳಗೆ ನಾಟಕ ಶುರುವಾಗಬೇಕು. ಹಾಗಾಗಿ ಮಾರ್ಚ್ ಏಪ್ರಿಲ್‌ನಲ್ಲಿ ನಾಟಕಗಳ ನೂಕುನುಗ್ಗಲು. ಸಿನಿಮಾ ಸ್ಟಾರ್‌ಗಳು ಮೂರು ನಾಲ್ಕು ತಿಂಗಳು ಡೇಟ್ ಕೊಟ್ಟು ಬರುತ್ತಾರೆ, ಜೂನ್‌ಗೆ ಗಂಟುಮೂಟೆ ಕಟ್ಟುತ್ತಾರೆ. 2025ರ ಜೂನ್ 8 ನೋಡಿ. ಡೆನ್ಜೆಲ್ ವಾಷಿಂಗ್ಟನ್ ಅವರ 'ಒಥೆಲೋ' ಅವತ್ತೇ ಕೊನೆ. ಜಾರ್ಜ್ ಕ್ಲೂನಿ ನಾಟಕವೂ ಅವತ್ತೇ ಕೊನೆ. ರಾತ್ರಿ ಟೋನಿ ಸಮಾರಂಭ. ಒಂದೇ ದಿನ ಮದುವೆ, ಬೀಗರೂಟ, ಚಪ್ಪರ ಕೀಳುವುದು ಎಲ್ಲಾ ಮುಗಿಯಿತು. ಉಳಿದವರು ಯಾರು? ಮ್ಯೂಸಿಕಲ್‌ಗಳು. 1996ರಿಂದ ಕುಣಿಯುತ್ತಿರುವ 'ಶಿಕಾಗೋ', 1997ರಿಂದ ಗರ್ಜಿಸುತ್ತಿರುವ 'ಲಯನ್ ಕಿಂಗ್'. ಬ್ರಾಡ್‌ವೇಯಲ್ಲಿ 41 ಥಿಯೇಟರ್ ಇವೆ. ಬೇಸಿಗೆಗೆ ಅಂತ ನಾಲ್ಕು, ಬರೀ ನಾಲ್ಕು, ಮಾತಿಗೆ ಇಡಿ ಅಂತ ಕೇಳುತ್ತಿದ್ದೇನೆ. ಮಾಂತ್ರಿಕರನ್ನು ಬಿಟ್ಟು.

ದುಡ್ಡು ಹುಟ್ಟಲ್ಲ ಅಂತೀರಾ? ಕ್ಲೂನಿ ನಾಟಕ ಒಂದೇ ವಾರದಲ್ಲಿ 40 ಲಕ್ಷ ಡಾಲರ್ ದಾಟಿತು. 'ಒಥೆಲೋ'ದ ಒಳ್ಳೆಯ ಸೀಟಿಗೆ 921 ಡಾಲರ್! ಅದರಲ್ಲಿ ಯಾರೂ ಕುಣಿಯಲಿಲ್ಲ. 'ಅದು ಸ್ಟಾರ್‌ಗೋಸ್ಕರ' ಅಂತೀರಿ. ಸರಿ, ಸಿಂಹಕ್ಕೆ ಯಾವ ಸ್ಟಾರು?

ಟೂರಿಸ್ಟ್‌ಗಳಿಗೆ ಇಂಗ್ಲಿಷ್ ಅರ್ಥವಾಗಲ್ಲ, ಹಾಡೇ ವಾಸಿ ಅಂತ ಇನ್ನೊಬ್ಬರು. ಹಾಡು ಯಾವ ಭಾಷೆಯಲ್ಲಿದೆ ಸ್ವಾಮಿ, ತುಳುವಿನಲ್ಲಾ? ಲಂಡನ್‌ಗೂ ಟೂರಿಸ್ಟ್‌ಗಳು ಹೋಗುತ್ತಾರೆ. ಅಲ್ಲಿ 'ಮೌಸ್‌ಟ್ರ್ಯಾಪ್' ಅನ್ನುವ ಪತ್ತೇದಾರಿ ನಾಟಕ 1952ರಲ್ಲಿ ಶುರುವಾಗಿದ್ದು. ಕೋವಿಡ್ ಬಂದಾಗ ನಿಂತಿತ್ತು, ಬೇಸಿಗೆ ಬಂತು ಅಂತ ನಿಂತಿಲ್ಲ. ಸೋಫಾ, ಕೊಲೆ, ಮಾತು. ಅಷ್ಟೇ.

'ಸೆಂಟ್ರಲ್ ಪಾರ್ಕಿನಲ್ಲಿ ಬೇಸಿಗೆಯಲ್ಲೇ ಷೇಕ್ಸ್‌ಪಿಯರ್ ಆಡ್ತಾರಲ್ಲ, ಅದೂ ಪುಕ್ಕಟೆ' ಅಂತ ನನ್ನ ತಂಗಿಯೇ ಹೇಳಿದಳು. ಗೊತ್ತಮ್ಮ. ಲಾಟರಿಯಲ್ಲಿ ಹೆಸರು ಬರದಿದ್ದರೆ ಆ ಟಿಕೆಟ್‌ಗೆ ಬೆಳಗಾಗೆದ್ದು ಪಾರ್ಕಿನಲ್ಲಿ ಚಾಪೆ ಹಾಸಿಕೊಂಡು ಕೂರಬೇಕು. ಅಮ್ಮನ ಮಂಡಿ ಒಪ್ಪಬೇಕಲ್ಲ. ನಾನು ಕೇಳುತ್ತಿರುವುದು ದುಡ್ಡು ಕೊಟ್ಟು ನೋಡುವ ನಾಟಕ. ದುಡ್ಡು ಕೊಡುತ್ತೇನೆ, ಮಾತಾಡಿ!

ನಮ್ಮ ಕಂಪನಿ ನಾಟಕದಲ್ಲೂ ಬರೀ ಹಾಡೇ ಇತ್ತಲ್ಲ ಅಂತೀರಾ? ಹೌದು, ಸತ್ತ ರಾಜ ಒನ್ಸ್ ಮೋರ್ ಅಂದರೆ ಎದ್ದು ಹಾಡುತ್ತಿದ್ದನಂತೆ. ಇರಲಿ. ಅದೇ ವೃತ್ತಿ ರಂಗಭೂಮಿಯಲ್ಲಿ ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ' ಆಡಿದರು. ಮಾತಿನ ಜೋರಿನಲ್ಲೇ ಜನ ಸೇರಿಸಿದರು. ಅಪ್ಪ ಅದರ ಡೈಲಾಗು ಇವತ್ತಿಗೂ ಸ್ನಾನ ಮಾಡುವಾಗ ಹೇಳುತ್ತಾರೆ.

ಕೊನೆಗೆ ಏನು ನೋಡಿದೆವು? ಲಯನ್ ಕಿಂಗ್. ಶುರುವಿನಲ್ಲೇ ಪ್ರೇಕ್ಷಕರ ನಡುವೆ ಆನೆ ನಡೆದು ಬರುತ್ತದೆ. ಎಲ್ಲರೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಅಪ್ಪ ನನ್ನ ಕಿವಿಯಲ್ಲಿ, 'ದಸರಾದಲ್ಲಿ ನಿಜವಾದ್ದೇ ಬರುತ್ತಲ್ಲೋ' ಅಂದರು. ಇಂಟರ್ವಲ್‌ವರೆಗೂ ನಿದ್ದೆ.

ಇನ್ನೊಂದು ಮಾತು. ಯುಗಾದಿಗೆ ಇಲ್ಲಿನ ಕನ್ನಡ ಕೂಟದಲ್ಲಿ ನನ್ನ ನಾಟಕ ಇದೆ, ಖಂಡಿತ ಬನ್ನಿ. ಎರಡೇ ಪಾತ್ರ, 20 ನಿಮಿಷ, ಒಂದೂ ಹಾಡಿಲ್ಲ. ಕಮಿಟಿಯವರು ಮಧ್ಯೆ ಒಂದು ಡ್ಯಾನ್ಸ್ ಹಾಕಿ ಅಂದಿದ್ದಾರೆ. ಹಾಕಲ್ಲ. ಯಾಕೆ ಅಂದರೆ... ಹಾಕಲ್ಲ, ಅಷ್ಟೇ! ಲಿಂಕ್ ಕೆಳಗಿದೆ.

ಅಪ್ಪ ಮುಂದಿನ ಸಲ ಮಾರ್ಚ್‌ನಲ್ಲಿ ಬರುತ್ತಾರಂತೆ. ಆ ಚಳಿಗೆ ಅಮ್ಮ ಇನ್ನೂ ಒಪ್ಪಿಲ್ಲ.